ನಲವತ್ತೆರಡನೇ ಪೆಟ್ಟು

ಹಂದಿಯ ತಲೆ ತನ್ನ ಕಡೆ ನೋಡುತ್ತಿಲ್ಲ ಎಂದು ಮಂಗಾಸಾ ಊಟಕ್ಕೆ ಕೂರಲು ಒಪ್ಪಲಿಲ್ಲ.

"ಕಿಟಕಿ ಕಡೆ ನೋಡ್ತಿದೆ," ಎಂದ.

ಬಿಸ್ತೋಕ್ ಬಗ್ಗಿ ತಟ್ಟೆಯನ್ನು ಎರಡು ಬೆರಳಷ್ಟು ತಿರುಗಿಸಿದ. ಬೇಯಿಸಿದ ತಲೆ ಈಗ ಮಂಗಾಸಾನ ಮೊಣಕಾಲನ್ನು ನೋಡಿತು.

"ಮರ್ಯಾದೆ ಮೊಣಕಾಲಿಗೋ ನನಗೋ?"

ಬಿಸ್ತೋಕ್ ಮತ್ತೆ ತಿರುಗಿಸಿದ. ಹಂದಿ ಮಂಗಾಸಾನನ್ನು ನೆಟ್ಟಗೆ ನೋಡಿತು. ಮಂಗಾಸಾ ಹಂದಿಯನ್ನು ನೋಡಿದ. ಇಬ್ಬರಿಗೂ ಸಮಾಧಾನವಾದಂತೆ ಕಂಡಿತು.

ಬಿಸ್ತೋಕ್ ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಸಾರ್ಜೆಂಟ್ ಆಗಿ ನಿವೃತ್ತನಾದವನು. ಅಷ್ಟು ವರ್ಷದಲ್ಲಿ ಒಬ್ಬ ಆರೋಪಿಗೂ ಹಂದಿ ಬೇಯಿಸಿಕೊಂಡು ಹೋಗಿರಲಿಲ್ಲ. ಆದರೆ ಆ ಆರೋಪಿಗಳಲ್ಲಿ ಯಾರೂ ಅವನ ಹೆಂಡತಿಯ ಅಣ್ಣನಾಗಿರಲಿಲ್ಲ. ತೋಬಾ ಸರೋವರದ ದಂಡೆಯಲ್ಲಿ ಹೆಣ್ಣು ಕೊಟ್ಟ ಮನೆಯವರೆಂದರೆ ಕಣ್ಣಿಗೆ ಕಾಣುವ ದೇವರು. ಅವರ ಹತ್ತಿರ ಏನಾದರೂ ಕೇಳಬೇಕೆಂದರೆ ಅಳಿಯನಾದವನು ಮೊದಲು ಹಂದಿ ಒಪ್ಪಿಸಬೇಕು. ಅವರು ತಿರುಗಿ ಗೆಂಡೆ ಮೀನು ಕೊಟ್ಟು ಹರಸಬೇಕು. ಆಮೇಲೆ ಬಾಯಿ ಒರೆಸಿಕೊಂಡು, ಬೇಕಾದರೆ, ಚರ್ಚಿನ ಗಂಟೆಯ ನಾಲಿಗೆ ಕದ್ದದ್ದು ನೀವೇನಾ ಎಂದು ಕೇಳಬಹುದು.

ಆ ಕಬ್ಬಿಣದ ನಾಲಿಗೆ ಗೋಪುರದಿಂದ ಮಾಯವಾಗಿ ಇಂದಿಗೆ ಆರು ದಿನ.

ಚಾಪೆಯ ಆ ತುದಿಯಿಂದ ತಿಯೋಮ ತನ್ನ ಗಂಡ ಬಿಸ್ತೋಕನ ಕಡೆ ಕಣ್ಣು ಬಿಟ್ಟಳು. ಮನೆಯಿಂದ ಹೊರಡುವಾಗಲೇ ಅವಳು ಅವನಿಂದ ಆಣೆ ಮಾಡಿಸಿಕೊಂಡಿದ್ದಳು. "ನಮ್ಮಣ್ಣ ಏನಂದ್ರೂ ಹೂಂ ಅನ್ನಿ. ಸೂರ್ಯ ಹಿತ್ತಲಲ್ಲಿ ಹುಟ್ಟಿ ಕೋಳಿಗೂಡಲ್ಲಿ ಮುಳುಗ್ತಾನೆ ಅಂದ್ರೂ ಹೂಂ ಅನ್ನಿ. ವಾದಕ್ಕೆ ಕೂತ್ರೋ, ರೊತುವಾ ಮದುವೆ ಅಲ್ಲಿಗೇ ಮುಗೀತು."

ರೊತುವಾ ಅವರ ಒಬ್ಬಳೇ ಮಗಳು. ಇಪ್ಪತ್ನಾಲ್ಕು ವರ್ಷ. ಬರುವ ವಾರದ ಶನಿವಾರ ಮದುವೆ. ಹುಡುಗ ಕೆಳಗಿನ ಕೇರಿಯ ಹಿರಿಯ ಹುಲ್ಮಾನನ ಮಗ. ಸೋದರಮಾವನಾದ ಮಂಗಾಸಾ ಚರ್ಚಿನಲ್ಲಿ ನಿಂತು ಜೋಡಿಯ ಹೆಗಲಿಗೆ ಉಲೋಸ್ ಹೊದಿಸಬೇಕು. ಆ ಮಗ್ಗದ ಹೊದಿಕೆ ಬೀಳದಿದ್ದರೆ ಅದು ಮದುವೆಯಲ್ಲ, ಇಬ್ಬರು ಒಂದೇ ಬಸ್ಸಿಗೆ ಕಾದಂತೆ ಅಷ್ಟೇ.

ಮಂಗಾಸಾ ಮೇಲಿನ ಕೇರಿಯ ಹಿರಿಯ. ಹುಲ್ಮಾನ್ ಕಾಲಿಟ್ಟ ಚರ್ಚಿಗೆ ತಾನು ಕಾಲಿಡುವುದಿಲ್ಲ ಎಂದು ಅವನು ಆಣೆ ಇಟ್ಟಿದ್ದ. ಸದ್ಯಕ್ಕೆ ಊರಿಗೆಲ್ಲ ಇರುವುದು ಒಂದೇ ಚರ್ಚಾದ್ದರಿಂದ, ಭಾನುವಾರ ಸಭೆ ಒಡೆದು ಎರಡಾದ ಮೇಲೆ ಆಣೆ ಜಾರಿಗೆ ಬರತಕ್ಕದ್ದು ಎಂದು ಅವನೇ ತಿದ್ದುಪಡಿಯನ್ನೂ ಮಾಡಿಕೊಂಡಿದ್ದ.

ಭಾನುವಾರಕ್ಕೆ ಇನ್ನೆರಡೇ ದಿನ.

"ಪ್ರಾರ್ಥನೆ ಮಾಡೋಣ," ಎಂದ ಮಂಗಾಸಾ.

ಎಲ್ಲರೂ ಕಣ್ಣು ಮುಚ್ಚಿದರು. ವಾದ ಮಾಡುವವನನ್ನು ತಡೆಯಬಹುದು, ಪ್ರಾರ್ಥನೆ ಮಾಡುವವನನ್ನು ತಡೆಯುವಂತಿಲ್ಲ. ಮಂಗಾಸಾಗೆ ಇದು ಚೆನ್ನಾಗಿ ಗೊತ್ತಿತ್ತು.

"ಕರ್ತನೇ," ಎಂದು ಮಂಗಾಸಾ ದೇವರಿಗೆ ವರದಿ ಒಪ್ಪಿಸತೊಡಗಿದ. "ನಾಡಿದ್ದು ಪ್ರಾಂತ್ಯದ ದೊಡ್ಡ ಪಾಸ್ಟರು ಕಾಗದ ತಗೊಂಡು ಬರ್ತಾರೆ. ಎರಡೂ ಕೇರಿಯವರು ರುಜು ಹಾಕಿ ಬೇರೆ ಆಗ್ತೀವಿ, ನಮ್ಮ ಪಾಡಿಗೆ ನಾವು ನಿನ್ನನ್ನ ನೆಮ್ಮದಿಯಾಗಿ ಕೊಂಡಾಡ್ತೀವಿ. ಆದ್ರೆ ಮೂರು ಸಲ ಗಂಟೆ ಹೊಡೀದೆ ಕೂಡಿದ ಸಭೆ ಸಭೆನೇ ಅಲ್ಲ ಅಂತ ನಮ್ಮ ಚರ್ಚು ಕಟ್ಟಿಸಿದ ಜರ್ಮನ್ ಪಾದ್ರಿ ಬರೆದಿಟ್ಟಿರೋದು ನಿನಗೂ ಗೊತ್ತು. ಪಾಲಾದಾಗ ಗಂಟೆ ನಮಗೆ ಬಂದ್ರೂ ನಾಲಿಗೆ ಬರಬಾರದು ಅಂತ ಕೆಳಗಿನ ಕೇರಿಯವರು ಅದನ್ನ ಮುಚ್ಚಿಟ್ಟಿರೋದೂ ನಿನಗೆ ಗೊತ್ತು. ಹೆಸರು ಹೇಳಲ್ಲ ಕರ್ತನೇ. ಹುಲ್ಮಾನ್ ಅಂತ."

ಇದು ಬೇಗ ಮುಗಿಯುವ ಬಾಬತ್ತಲ್ಲ. ಬಿಸ್ತೋಕ್ ಕಣ್ಣು ಮುಚ್ಚಿಕೊಂಡೇ ಪ್ರಕರಣವನ್ನು ಮತ್ತೊಮ್ಮೆ ಮೊದಲಿಂದ ತಿರುವಿ ಹಾಕಿದ.

ಎಲ್ಲಕ್ಕೂ ಮೂಲ ಒಂದು ದವಡೆ. ಮೂರು ತಿಂಗಳ ಹಿಂದೆ ಚರ್ಚಿಗೆ ನೂರು ವರ್ಷ ತುಂಬಿದ ಹಬ್ಬದಲ್ಲಿ ದೊಡ್ಡ ಹಂದಿ ಬಿತ್ತು. ಹಂದಿಯ ಒಂದೊಂದು ಭಾಗವೂ ಇಂಥವರಿಗೇ ಸಲ್ಲಬೇಕೆಂಬುದು ಇಲ್ಲಿಯ ಕಟ್ಟಳೆ. ಕೆಳದವಡೆ ಅತ್ಯಂತ ಗೌರವದ್ದು. ಚರ್ಚಿಗೆ ಜಾಗ ಕೊಟ್ಟವರು ನಾವು, ದವಡೆ ನಮ್ಮದು ಎಂದಿತು ಮೇಲಿನ ಕೇರಿ. ಮೊದಲು ದೀಕ್ಷಾಸ್ನಾನ ಮಾಡಿಸಿಕೊಂಡವರು ನಾವು, ನಾವಿಲ್ಲದಿದ್ದರೆ ಆ ಜಾಗದಲ್ಲಿ ಎಮ್ಮೆ ಮೇಯುತ್ತಿತ್ತು ಎಂದಿತು ಕೆಳಗಿನ ಕೇರಿ. ನಾಲ್ಕು ಗಂಟೆ ವಾದ ನಡೆಯಿತು. ಅಷ್ಟರಲ್ಲಿ ನಾಯಿಯೊಂದು ದವಡೆ ಕಚ್ಚಿಕೊಂಡು ಹೋಯಿತು. ದವಡೆ ಹೋದರೂ ವಾದ ಉಳಿಯಿತು.

ಅಂದಿನಿಂದ ಚರ್ಚಿನಲ್ಲಿ ಒಂದು ಕೇರಿ ಬಲಕ್ಕೆ, ಇನ್ನೊಂದು ಎಡಕ್ಕೆ. ಮೇಲಿನವರು ಹಾಡನ್ನು ಎಳೆದು ಹಾಡುತ್ತಾರೆಂದು ಕೆಳಗಿನವರು ಓಡಿಸಿ ಹಾಡುತ್ತಾರೆ. ಪ್ರತಿ ಹಾಡೂ ಎರಡು ಸಲ ಮುಗಿಯುತ್ತದೆ. ಪಾಸ್ಟರ್ ದಾರ್ವಿನ್ ಒಂದು ಭಾನುವಾರ, ಕೆಲಸಕ್ಕೆ ಬಾರದ ತರ್ಕ ಬಿಡಿ, ಸಭೆಯನ್ನು ಒಡೆಯಬೇಡಿ ಎಂದು ಕಣ್ಣೀರು ಹಾಕಿ ಬೋಧಿಸಿದರು. ಆರಾಧನೆ ಮುಗಿದ ಮೇಲೆ ಎರಡೂ ಕಡೆಯವರು ಬೇರೆ ಬೇರೆಯಾಗಿ ಅವರ ಮನೆಗೆ ಹೋಗಿ, ಅವರಿಗೆ ಸರಿಯಾಗಿ ಹೇಳಿದಿರಿ ಎಂದು ಕೈ ಕುಲುಕಿ ಬಂದರು.

ಆಮೇಲೆ ಕಳೆದ ಶನಿವಾರ ಸಂಜೆ ಗಂಟೆ ಹೊಡೆಯಲು ಹೋದ ಜಬಾಂಗುನ್ ಹಗ್ಗ ಎಳೆದ. ಗಂಟೆ ಓಲಾಡಿತು, ಸದ್ದು ಬರಲಿಲ್ಲ.

ಬಿಸ್ತೋಕ್ ಅವತ್ತೇ ಗೋಪುರ ಹತ್ತಿ ನೋಡಿದ್ದ. ನಾಲಿಗೆ ಕಟ್ಟಿದ್ದ ಎಮ್ಮೆ ಚರ್ಮದ ಪಟ್ಟಿಯನ್ನು ಯಾರೂ ಕತ್ತರಿಸಿರಲಿಲ್ಲ. ಗಂಟು ಬಿಚ್ಚಿ, ಪಟ್ಟಿಯನ್ನು ನೀಟಾಗಿ ಮಡಚಿ ಕೊಕ್ಕೆಗೆ ತೂಗುಹಾಕಿದ್ದರು. ಪಟ್ಟಿಯ ಮೇಲೆ ಒಂದು ಹಳದಿ ಹೆಬ್ಬೆರಳಚ್ಚು. ಮೂಸಿ ನೋಡಿದ್ದ. ಅರಿಶಿನ, ಬಾಯಿ ಜುಮ್ಮೆನ್ನಿಸುವ ಜುಮ್ಮನಕಾಯಿ, ಮೀನು. ಹೆಣ್ಣು ಕೊಟ್ಟ ಮನೆಯವರು ಹರಸಿ ಕೊಡುವ ಗೆಂಡೆ ಮೀನಿನ ಮಸಾಲೆಯೇ ಅದು.

ಅವತ್ತೇ ಗೋಪುರದ ಬಾಗಿಲಿಗೆ ಬೀಗ ಜಡಿದು, ಇದ್ದ ಒಂದೇ ಕೀಲಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದ. ಸ್ನಾನಕ್ಕೆ ಹೋದರೂ ಬಿಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ಇನ್ನೊಂದು ತಲೆನೋವು. ಜಬಾಂಗುನ್ ದಾರಿಯಲ್ಲಿ ಅಡ್ಡ ಹಾಕಿದ. ಗಂಟೆಯ ಪಕ್ಕ ನಿಂತೂ ನಿಂತೂ ಅವನ ಎಡಗಿವಿ ಹೋಗಿತ್ತು, ಹಾಗಾಗಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ.

"ಸಾರ್ಜೆಂಟ್ರೇ, ಶನಿವಾರ ನಾನೊಂದು ನೋಡಿದೀನಿ."

"ಹೇಳು."

"ಹೇಳಲ್ಲ. ಎರಡೂ ಕೇರಿಯವರು ಎದುರಿಗಿರ್ಬೇಕು. ಒಬ್ಬರು ಇಲ್ದಿದ್ದಾಗ ಬಾಯಿ ಬಿಟ್ರೆ ಇನ್ನೊಬ್ಬರ ಕಡೆಯೋನು ಅಂತಾರೆ."

"ಎರಡೂ ಕೇರಿ ಒಟ್ಟಿಗೆ ಕೂತು ಮೂರು ತಿಂಗಳಾಯ್ತಲ್ಲೋ."

"ಅದಕ್ಕೇ ಇನ್ನೂ ಹೇಳಿಲ್ಲ."

ಬಿಸ್ತೋಕ್ ಹಲ್ಲು ಕಚ್ಚಿದ. ಜಬಾಂಗುನ್ ಮಾತ್ರ ಇನ್ನೊಂದು ದೂರು ಬಿಚ್ಚಿದ. "ಮೊದಲು ಆ ಪಾಸ್ಟರಿಗೆ ಬುದ್ಧಿ ಹೇಳಿ. ಎದುರಿಗೆ ಸಿಕ್ರೆ ನಾನೇ ಮೊದಲು ನಮಸ್ಕಾರ ಹೇಳ್ಬೇಕಂತೆ. ಅವರಿಗೆ ನಲವತ್ತೊಂದು. ನನಗೆ ನಲವತ್ತೆರಡು. ದಡಾರ ಬಂದ ವರ್ಷ ಹುಟ್ಟಿ ಉಳಿದೋನು ಈ ಊರಲ್ಲಿ ನಾನೊಬ್ಬನೇ. ಒಂದು ವರ್ಷ ಅಂದ್ರೆ ಸುಮ್ನೇನಾ?"

"ನಾಳೆ ಬಾ," ಎಂದು ಬಿಸ್ತೋಕ್ ಹೊರಟುಬಿಟ್ಟಿದ್ದ. ಹಂದಿ ಒಲೆಯ ಮೇಲಿತ್ತು.

"ಆಮೆನ್," ಎಂದ ಮಂಗಾಸಾ. ಊಟ ಆರಿಹೋಗಿತ್ತು.

ಬಿಸ್ತೋಕ್ ಎರಡು ತುತ್ತು ತಿಂದು, ಮೂರನೆಯದನ್ನು ತಟ್ಟೆಯಲ್ಲೇ ಬಿಟ್ಟು ಮಾತು ತೆಗೆದ. "ಭಾವ, ಕಳೆದ ಶನಿವಾರ ಮಧ್ಯಾಹ್ನ ಎಲ್ಲಿದ್ರಿ?"

"ಯಾರಾಗಿ ಕೇಳ್ತಿದೀಯ? ಪೊಲೀಸಾಗೋ, ಅಳಿಯನಾಗೋ?"

"ಅಳಿಯನಾಗಿ."

"ಎಲ್ಲಿದ್ರಿ ಅಂತ ಮಾವನ ಮನೆಯವರನ್ನ ಕೇಳೋ ಅಳಿಯ ಯಾವೂರಲ್ಲಿದಾನೆ?"

"ಸರಿ, ಪೊಲೀಸಾಗಿ."

"ನಿನಗೆ ಪಿಂಚಣಿ ಬಂದು ನಾಲ್ಕು ವರ್ಷ ಆಯ್ತು. ಪೊಲೀಸೆಲ್ಲಿ ಇದಾನೆ ಇಲ್ಲಿ?" ಮಂಗಾಸಾ ಎಲುಬು ಚೀಪಿದ. "ಒಬ್ಬ ಕೇಳೋ ಹಾಗಿಲ್ಲ, ಇನ್ನೊಬ್ಬ ಇಲ್ಲವೇ ಇಲ್ಲ. ಮುಂದಿನ ಪ್ರಶ್ನೆ."

ತಿಯೋಮ ಕಾಲು ಚಾಚಿ ಗಂಡನ ಪಾದ ಒತ್ತಿದಳು. ಬಿಸ್ತೋಕ್, "ಹೂಂ," ಎಂದ. ಜೇಬಿನಿಂದ ಚರ್ಮದ ಪಟ್ಟಿ ತೆಗೆದು ಚಾಪೆಯ ಮೇಲೆ ಹಾಸಿದ.

"ಶನಿವಾರ ಊರಲ್ಲಿ ಹರಸೋ ಮೀನು ಮಾಡಿದ್ದು ಒಂದೇ ಮನೇಲಿ ಭಾವ. ನಿಮ್ಮ ಮೊಮ್ಮಗು ನೋಡೋಕೆ ಹೋಗ್ತಾ ತಗೊಂಡು ಹೋಗಿದ್ರಿ. ಈ ಅರಿಶಿನ ಆ ಮೀನಿಂದು."

ಮಂಗಾಸಾ ಪಟ್ಟಿಯನ್ನು ನೋಡಿದ. ತನ್ನ ಬಲಗೈ ತೊಳೆದು, ಒರೆಸಿ, ಹೆಬ್ಬೆರಳನ್ನು ಅಚ್ಚಿನ ಪಕ್ಕ ಇಟ್ಟ. ಹೆಬ್ಬೆರಳೆಂದರೆ ಹೆಬ್ಬೆರಳು, ಎಳೆ ಬಾಳೆಕಾಯಿಯಷ್ಟಿತ್ತು. ಅಚ್ಚು ಅದರ ಅರ್ಧವೂ ಇರಲಿಲ್ಲ.

"ಹೊಂದ್ತದಾ?"

"ಇಲ್ಲ."

"ಇದು ಹುಲ್ಮಾನಂದು. ಅವನದೆಲ್ಲ ಸಣ್ಣದು. ಬೆರಳೂ, ಬುದ್ಧೀನೂ." ಮಂಗಾಸಾ ಪಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿದ. "ಮಗಳನ್ನ ಅಂಥ ಮನೆಗೆ ಕೊಡ್ತಿದೀಯ. ಆಮೇಲೆ ನನ್ನನ್ನ ಕಳ್ಳ ಅಂತೀಯ. ಮೀನು ಕೊಟ್ಟೋನು ನಾನು. ಮಾಡಿದೋನು ನಾನಾ? ನನ್ನ ನೋಡಿದ್ರೆ ಅಡುಗೆ ಮಾಡೋನ ಥರ ಕಾಣ್ತೀನಾ?"

"ಇಲ್ಲ ಭಾವ."

"ಹಾಗಂದ್ರೆ ಏನರ್ಥ? ನನಗೆ ಅಡುಗೆ ಬರಲ್ಲ ಅಂತಾನಾ?"

ಬಿಸ್ತೋಕ್ ಉಸಿರು ಬಿಟ್ಟ. ಆರು ದಿನದಿಂದ ಇದೇ ಕಥೆ. ಎರಡೂ ಕೇರಿಯಲ್ಲಿ ಇನ್ನೂರ ಹದಿನಾಲ್ಕು ಜನರನ್ನು ವಿಚಾರಿಸಿದ್ದ. ಸಮಯ ಕೇಳಿದರೆ ಗಡಿಯಾರ ಯಾರದ್ದು ಸರಿ ಎಂದು ವಾದ. ಬಾಗಿಲು ತೆರೆದಿತ್ತೇ ಎಂದರೆ ಆ ಬಾಗಿಲಿನ ಮರ ಯಾರ ತಾತ ಕೊಟ್ಟದ್ದು ಎಂದು ವಾದ. ಗಂಟೆಯ ಬದಲು ತಗಡು ಬಡಿದರೆ ನಡೆಯುತ್ತದೆಯೇ ಎಂದು ಎರಡು ದಿನ ವಾದ ಮಾಡಿ, ತಗಡು ಎಷ್ಟು ದಪ್ಪ ಇರಬೇಕು ಎಂಬಲ್ಲಿ ಎಲ್ಲರೂ ಕೋಪ ಮಾಡಿಕೊಂಡು ಎದ್ದು ಹೋಗಿದ್ದರು. ಹುಟ್ಟಿನಿಂದ ಮೂಕನಾದ ಬೆಸ್ತನೊಬ್ಬ ಕೂಡ ಕೈಸನ್ನೆಯಲ್ಲೇ ಇಪ್ಪತ್ತು ನಿಮಿಷ ಜಗಳವಾಡಿದ್ದ.

ಆಗ ಅಡುಗೆಮನೆಯಿಂದ ಸದ್ದು ಶುರುವಾಯಿತು. ತಿರುಗಿ ಕೊಡಬೇಕಾದ ಮೀನಿಗೆ ಮಸಾಲೆ ಕುಟ್ಟುತ್ತಿದ್ದ ಸದ್ದು.

ಠಣ್. ಠಣ್.

ಬಿಸ್ತೋಕನಿಗೆ ಇದ್ದಕ್ಕಿದ್ದಂತೆ ಭಾನುವಾರ ಅನಿಸಿತು. ಕಾಲರ್ ಗುಂಡಿ ಹಾಕಿಕೊಳ್ಳಲು ಕೈ ತಾನಾಗಿ ಕತ್ತಿಗೆ ಹೋಯಿತು. ಆರು ದಿನದಿಂದ ಹೀಗೇ ಆಗುತ್ತಿತ್ತು. ಸಂಜೆ ಮೇಲಿನ ಕೇರಿಯಲ್ಲಿ ಹಾದು ಹೋದಾಗಲೆಲ್ಲ ಕಾರಣವಿಲ್ಲದೆ ತನ್ನ ಪಾಪಗಳೆಲ್ಲ ನೆನಪಾಗುತ್ತಿದ್ದವು. ವಯಸ್ಸಾಯಿತು ಎಂದುಕೊಂಡಿದ್ದ.

ಕಲ್ಲಿಗೆ ಕಲ್ಲು ಬಡಿದರೆ ಟಕ್ ಎನ್ನುತ್ತದೆ. ಠಣ್ ಎನ್ನುವುದು ಕಬ್ಬಿಣ.

ಅದರ ಬೆನ್ನಲ್ಲೇ ಇನ್ನೊಂದು ವಿಷಯ ಹೊಳೆದು ಅವನಿಗೆ ತನ್ನ ತಲೆಯನ್ನು ತಾನೇ ಒರಳಿಗೆ ಹಾಕಬೇಕೆನಿಸಿತು. ಊರಲ್ಲಿ ಒಬ್ಬಳನ್ನು ಮಾತ್ರ ಅವನು ವಿಚಾರಿಸಿರಲಿಲ್ಲ. ಮರೆತಿದ್ದಲ್ಲ, ವಿಚಾರಿಸುವಂತಿರಲಿಲ್ಲ. ಹೆಂಡತಿಯ ಅಣ್ಣನ ಹೆಂಡತಿಯ ಜೊತೆ ಗಂಡಸಾದವನು ನೇರವಾಗಿ ಮಾತಾಡಬಾರದು. ಮುಖ ನೋಡಬಾರದು. ಏನಾದರೂ ಹೇಳಲೇಬೇಕಾದರೆ ಗೋಡೆಗೋ ಕಂಬಕ್ಕೋ ಹೇಳಬೇಕು. ಇಪ್ಪತ್ತೆಂಟು ವರ್ಷದಿಂದ ಬಿಸ್ತೋಕ್ ಮಂಗಾಸಾನ ಹೆಂಡತಿ ಸೊರ್ತಾಳ ಕೈಯಡುಗೆ ಉಣ್ಣುತ್ತಾ ಬಂದಿದ್ದ. ಅವಳಿಗೆ ಕನ್ನಡಕ ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

"ಕೈ ತೊಳೆದು ಬರ್ತೀನಿ," ಎಂದು ಎದ್ದ.

ಮಂಗಾಸಾ ತಾನೂ ಏಳಲು ಹೊರಟ. ತಿಯೋಮ ಗಂಡನ ಮುಖ ನೋಡಿದಳು. ಮರುಕ್ಷಣವೇ ಅಣ್ಣನ ಕಡೆ ತಿರುಗಿ, "ಅಣ್ಣಾ, ನಿಜಕ್ಕೂ ಆ ದವಡೆ ಯಾರಿಗೆ ಸಲ್ಬೇಕಿತ್ತು?" ಎಂದು ಕೇಳಿದಳು.

ಮಂಗಾಸಾ ಮತ್ತೆ ಕೂತ. ಇನ್ನು ಅರ್ಧ ಗಂಟೆ ಅವನು ಏಳುವವನಲ್ಲ.

ಅಡುಗೆಮನೆ ಹೊಗೆಯಿಂದ ತುಂಬಿತ್ತು. ಬಿಸ್ತೋಕ್ ಸೊರ್ತಾಳಿಗೆ ಬೆನ್ನು ಹಾಕಿ, ನೀರಿನ ಹಂಡೆಯ ಕಡೆ ಮುಖ ಮಾಡಿ ನಿಂತ.

"ಹಂಡೆಯೇ," ಎಂದ. "ಈ ಮನೆ ಗುಂಡುಕಲ್ಲು ಏನಾಯ್ತು?"

ಸದ್ದು ನಿಂತಿತು. ಸೊರ್ತಾ ಬಾಣಲೆಯ ಕಡೆ ತಿರುಗಿದ ಹಾಗೆ ಕೇಳಿಸಿತು.

"ಮೀನೇ, ಹಂಡೆಗೆ ಹೇಳು. ಗುಂಡುಕಲ್ಲು ಒಡೆದು ಎರಡು ತಿಂಗಳಾಯ್ತು. ಯಜಮಾನರಿಗೆ ದವಡೆ ಬಗ್ಗೆ ಮಾತಾಡೋಕೆ ಪುರುಸೊತ್ತಿದೆ, ಪೇಟೆಯಿಂದ ಒಂದು ಕಲ್ಲು ತರೋಕೆ ಇಲ್ಲ."

"ಹಂಡೆಯೇ, ಹಾಗಾದ್ರೆ ಈಗ ಯಾವುದರಲ್ಲಿ ಕುಟ್ತಿದಾರೆ ಅಂತ ಕೇಳು."

"ಮೀನೇ, ಅವರಿಗೆ ಕಣ್ಣಿದ್ರೆ ತಿರುಗಿ ನೋಡ್ಲಿ. ನಾನು ಗೋಡೆ ಕಡೆ ನಿಂತ್ಕೊಂಡಿದೀನಿ."

ಬಿಸ್ತೋಕ್ ತಿರುಗಿದ. ಒರಳಿನಲ್ಲಿ ಚರ್ಚಿನ ಗಂಟೆಯ ನಾಲಿಗೆ ನಿಂತಿತ್ತು. ಗುಂಡು ಕೆಳಗೆ, ಹಿಡಿ ಮೇಲೆ. ಕತ್ತಿನವರೆಗೆ ಅರಿಶಿನ ಮೆತ್ತಿಕೊಂಡು ಎಣ್ಣೆಸ್ನಾನಕ್ಕೆ ಕೂತ ಮದುಮಗನಂತೆ ಕಾಣುತ್ತಿತ್ತು.

ಸೊರ್ತಾ ಗೋಡೆಯ ಜೊತೆ ಮಾತು ಮುಂದುವರಿಸಿದಳು. "ಆರು ದಿನದಿಂದ ಮೇಲಿನ ಕೇರಿ ಹಿರಿಯರೆಲ್ಲ ಇಲ್ಲೇ ಕೂತು, ಕಳ್ಳನ ಕೈ ಸೇದಿಹೋಗ್ಲಿ ಅಂತ ಪ್ರಾರ್ಥನೆ ಮಾಡಿ, ಇದರಲ್ಲಿ ಕುಟ್ಟಿದ ಮೀನು ತಿಂದು ಹೋಗ್ತಿದಾರೆ. ಇಷ್ಟು ರುಚಿ ಯಾವತ್ತೂ ಬಂದಿರ್ಲಿಲ್ಲ ಅಂದ್ರು. ಎರಡನೇ ಸಲ ಬಡಿಸಿಕೊಂಡ್ರು."

"ಹಂಡೆಯೇ, ಯಾಕೆ ಅಂತ ಕೇಳು."

"ರೊತುವಾ ಹುಟ್ಟಿದಾಗ ಮೊದಲು ಎತ್ತಿಕೊಂಡೋಳು ನಾನು," ಎಂದಳು ಸೊರ್ತಾ. ದನಿ ಇಳಿದಿತ್ತು. "ಗಂಟೆ ಹೊಡೀದೆ ಸಭೆ ಇಲ್ಲ. ಸಭೆ ಇಲ್ದೆ ಕಾಗದ ಇಲ್ಲ. ದೊಡ್ಡ ಪಾಸ್ಟರು ಬಂದ ದಾರಿಗೆ ಹೋಗ್ಲಿ. ಶನಿವಾರ ಮದುವೆ ಮುಗೀಲಿ, ಯಜಮಾನ್ರು ಮಗು ಹೆಗಲಿಗೆ ಉಲೋಸ್ ಹೊದಿಸ್ಲಿ. ಮದುವೆ ಮಾರನೇ ಬೆಳಿಗ್ಗೆ ಇದನ್ನ ಹುಣಿಸೆಹಣ್ಣಲ್ಲಿ ತಿಕ್ಕಿ ತಗೊಂಡು ಹೋಗಿ ಕಟ್ತೀನಿ. ಆಮೇಲೆ ಬೇಕಾದ್ರೆ ಮನೆಗೊಂದು ಚರ್ಚು ಮಾಡ್ಕೊಳ್ಳಿ."

"ಜಗಳ ಬೇಡ ಅಂತ ಬಾಯಲ್ಲಿ ಹೇಳ್ಬಹುದಿತ್ತಲ್ಲ, ಹಂಡೆಯೇ?"

"ಹೇಳಿದೆ. ಬೇಡ ಅನ್ನೋಳು ನೀನು ಯಾವ ಕಡೆಯೋಳು ಅಂತ ಕೇಳಿದ್ರು."

ಬಿಸ್ತೋಕ್ ಒರಳಿನಿಂದ ನಾಲಿಗೆಯನ್ನು ಎತ್ತಿಕೊಂಡ. ಮೂರು ಕಿಲೋ ಇದ್ದೀತು. ಮೂವತ್ತೊಂದು ವರ್ಷದಲ್ಲಿ ಕಳ್ಳಮಾಲು ಸಿಕ್ಕಿದ್ದಕ್ಕೆ ಅವನು ತನ್ನ ಹಣೆಬರಹವನ್ನು ಬೈದುಕೊಂಡದ್ದು ಇದೇ ಮೊದಲು. ಆರು ದಿನ ಊರೆಲ್ಲ ಅಲೆದು, ಉಗಿಸಿಕೊಂಡು, ಹಂದಿ ಬೇಯಿಸಿ, ಹೂಂ ಹೂಂ ಎಂದು ಹುಡುಕಿದ್ದೆಲ್ಲ, ಕಳ್ಳ ಸಿಕ್ಕರೆ ಜಗಳ ತಣ್ಣಗಾಗಿ ಮಗಳ ಮದುವೆ ಉಳಿಯುತ್ತದೆಂದು. ಇದನ್ನು ಹೊರಗೆ ತೆಗೆದುಕೊಂಡು ಹೋದರೆ ಭಾನುವಾರ ಗಂಟೆ ಹೊಡೆಯುತ್ತದೆ, ಸಭೆ ಕೂಡುತ್ತದೆ, ಒಡೆಯುತ್ತದೆ, ಮದುವೆ ಹೋಗುತ್ತದೆ. ಊರಿನಲ್ಲಿ ಮದುವೆ ಉಳಿಸುವ ಕೆಲಸವನ್ನು ನಿಜವಾಗಿ ಮಾಡುತ್ತಿದ್ದವಳು ಒಬ್ಬಳೇ. ಅವಳನ್ನೇ ಅವನು ಹಿಡಿದಿದ್ದ.

"ಹಂಡೆಯೇ," ಎಂದ ಕೊನೆಗೆ. "ಬಿಸ್ತೋಕ್ ನೀರು ಕುಡಿದು ಹೋದ, ಏನೂ ನೋಡ್ಲಿಲ್ಲ ಅಂತ ಅವರಿಗೆ ಹೇಳು. ಇನ್ನು ಮೇಲೆ ಒರಳಿನ ಅಡಿಗೆ ಒಂದು ಬಟ್ಟೆ ಹಾಸಿಕೊಂಡು ಕುಟ್ಟೋಕೆ ಹೇಳು."

ನಾಲಿಗೆಯನ್ನು ತಿರುಗಿ ಒರಳಿಗಿಡಲು ಬಗ್ಗಿದ.

ಚರ್ಚಿನ ಗಂಟೆ ಹೊಡೆಯಿತು.

ಒಂದೇ ಒಂದು ಪೆಟ್ಟು. ಅಡುಗೆಮನೆಯ ತಟ್ಟೆಗಳು ನಡುಗಿದವು. ಸೊರ್ತಾ ಗೋಡೆಯಿಂದ ಈಚೆಗೆ ತಿರುಗಿ, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಬಾರಿಗೆ, ಅವನ ಮುಖವನ್ನೇ ನೆಟ್ಟಗೆ ನೋಡಿದಳು. ಅವಳಿಗೆ ಕನ್ನಡಕವಿತ್ತು.

"ಅದು ನಿಮ್ಮ ಕೈಯಲ್ಲಿದೆ," ಎಂದಳು.

ಎರಡನೇ ಪೆಟ್ಟು. ನಡುವೆ ಉದ್ದನೆಯ ಮೌನ. ಮೂರನೆಯದು. ಆರಾಧನೆಗೆ ಕರೆಯುವ ಗಂಟೆ ಹೀಗೆ ಹೊಡೆಯುವುದಿಲ್ಲ. ಇದು ಸಾವಿನ ಗಂಟೆ. ಸತ್ತವರಿಗೆ ಎಷ್ಟು ವರ್ಷವೋ ಅಷ್ಟು ಪೆಟ್ಟು. ಎಣಿಸುತ್ತಾ ಹೋದರೆ ಯಾರೆಂದು ತಿಳಿಯುತ್ತದೆ.

ನಡುಮನೆಯಲ್ಲಿ ಮಂಗಾಸಾ ದವಡೆಯ ಮಾತು ಬಿಟ್ಟು ಜೋರಾಗಿ ಎಣಿಸತೊಡಗಿದ್ದ. ಪಕ್ಕದ ಮನೆಯಲ್ಲಿ ಎಣಿಸುತ್ತಿದ್ದರು. ಕೆಳಗಿನ ಕೇರಿಯಿಂದಲೂ ಗುಂಯ್ ಎಂದು ಎಣಿಕೆ ಮೇಲೇರಿ ಬರುತ್ತಿತ್ತು. ಮೂರು ತಿಂಗಳಲ್ಲಿ ಎರಡೂ ಕೇರಿ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು.

ಹತ್ತು ದಾಟಿದಾಗ ಚಿಕ್ಕ ಮಕ್ಕಳ ತಾಯಂದಿರು ಉಸಿರು ಬಿಟ್ಟದ್ದು ಕೇಳಿಸಿತು. ಇಪ್ಪತ್ತೆರಡು. ಇಪ್ಪತ್ಮೂರು. ರೊತುವಾ ಬೆಳಿಗ್ಗೆ ಸರೋವರಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಇಪ್ಪತ್ನಾಲ್ಕು.

ಮೌನ.

ಬಿಸ್ತೋಕ್ ಒರಳಿನ ಅಂಚು ಹಿಡಿದುಕೊಂಡ.

ಇಪ್ಪತ್ತೈದು.

ಅದರ ಮೇಲೆ ಅವನು ಎಣಿಸಲಿಲ್ಲ. ಎಣಿಸುವುದು ನೆನಪಿಗೇ ಬರಲಿಲ್ಲ. ಗಂಟೆ ನಿಂತಾಗ ಅವನು ಮಂಗಾಸಾನ ಮನೆಯ ಅಂಗಳದಲ್ಲಿದ್ದ, ಎದುರಿಗೆ ಚರ್ಚು. ಹೇಗೆ ಬಂದನೆಂದು ಅವನಿಗೇ ತಿಳಿಯದು.

"ನಲವತ್ತೊಂದು," ಎಂದು ಮಂಗಾಸಾ ಕೂಗಿದ.

"ನಲವತ್ತೆರಡು," ಎಂಬ ಕೂಗು ಕೆಳಗಿನಿಂದ ಬಂತು. ಹುಲ್ಮಾನ್ ತನ್ನ ಕೇರಿಯವರನ್ನೆಲ್ಲ ಕಟ್ಟಿಕೊಂಡು ಚರ್ಚಿನ ಮುಂದಿನ ದಿಬ್ಬ ಹತ್ತಿ ಬರುತ್ತಿದ್ದ.

"ನಲವತ್ತೊಂದು ಕಣೋ. ಮೊದಲಿಂದ ಎಣಿಸಿದೀನಿ."

"ನೀವು ಹಾಡಲ್ಲೂ ಹಿಂದೆ, ಲೆಕ್ಕದಲ್ಲೂ ಹಿಂದೆ."

"ನಿಮಗೆ ಹಾಡೂ ಅವಸರ, ಹೆಣಾನೂ ಅವಸರ."

"ಸತ್ತಿದ್ದು ಯಾರು ಅಂತ ನೋಡ್ರಪ್ಪಾ ಮೊದಲು," ಎಂದ ಬಿಸ್ತೋಕ್. ಯಾರಿಗೂ ಕೇಳಿಸಲಿಲ್ಲ. ಎರಡೂ ಕೇರಿಯವರು ಒಬ್ಬರ ಮುಖಕ್ಕೊಬ್ಬರು ಬೆರಳು ಮಡಚಿ ತೋರಿಸುತ್ತಿದ್ದರು.

ಅಷ್ಟರಲ್ಲಿ ಪಾಸ್ಟರ್ ದಾರ್ವಿನ್ ಓಡಿ ಬಂದರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ.

"ನಾನು ಬದುಕಿದೀನಿ," ಎಂದರು ಏದುಸಿರು ಬಿಡುತ್ತ. "ನಲವತ್ತೊಂದು ಅಂತ ಮೇಲಿಂದ ಯಾರೋ ಕೂಗಿದ್ರು. ನನ್ನ ಹೆಂಡತಿ ಅಳೋಕೆ ಶುರು ಮಾಡಿದಾಳೆ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ."

ಮಂಗಾಸಾ ಪಾಸ್ಟರನ್ನು ಮೇಲಿಂದ ಕೆಳಗೆ ನೋಡಿದ. ಊರಲ್ಲಿ ನಲವತ್ತೊಂದರವರು ಅವರೊಬ್ಬರೇ, ಬದುಕಿದ್ದಾರೆ ಎಂಬುದರ ಬಗ್ಗೆ ವಾದ ಮಾಡುವಂತಿರಲಿಲ್ಲ.

"ಹಾಗಾದ್ರೆ ನಲವತ್ತೆರಡೇ," ಎಂದ ಮೆಲ್ಲಗೆ.

ಗೆದ್ದೆವೆಂದು ಕೆಳಗಿನ ಕೇರಿಯವರು ಯಾರೂ ನಗಲಿಲ್ಲ. ದಡಾರ ಬಂದ ವರ್ಷ ಹುಟ್ಟಿ ಉಳಿದವನು ಊರಲ್ಲಿ ಒಬ್ಬನೇ. ಸಾವಿನ ಗಂಟೆ ಹೊಡೆಯಲು ಬಲ್ಲವನೂ ಊರಲ್ಲಿ ಅವನೊಬ್ಬನೇ.

"ಜಬಾಂಗುನ್ ಎಲ್ಲಿ?" ಎಂದ ಹುಲ್ಮಾನ್.

ಎಲ್ಲರೂ ಗೋಪುರದ ಕಡೆ ನೋಡಿದರು. ಮೇಲ್ಗಡೆ ನಾಲ್ಕೂ ಬದಿಗೆ ಮರದ ಪಟ್ಟಿ ಹೊಡೆದಿದ್ದರಿಂದ ಒಳಗೇನೂ ಕಾಣುತ್ತಿರಲಿಲ್ಲ.

"ಬಾಗಿಲು ನೋಡ್ಕೊಂಡೇ ಬಂದೆ," ಎಂದರು ಪಾಸ್ಟರ್. "ಬೀಗ ಹಾಕಿದ್ದು ಹಾಕಿದ ಹಾಗೇ ಇದೆ."

"ಕೀಲಿ ಯಾರ ಹತ್ರ ಇದೆ?" ಎಂದು ಕೇಳಿದ ಮಂಗಾಸಾ.

ಬಿಸ್ತೋಕ್ ಜೇಬಿಗೆ ಕೈ ಹಾಕಿ ನೋಡಬೇಕಾಗಿರಲಿಲ್ಲ. ಆರು ದಿನದಿಂದ ಅದು ತೊಡೆಗೆ ಒತ್ತುತ್ತಲೇ ಇತ್ತು. ಎಡಗೈ ಜೇಬಿನತ್ತ ಹೋದಾಗಲೇ ಬಲಗೈ ಯಾಕೆ ಇಷ್ಟು ಭಾರವಾಗಿದೆ ಎಂದು ಅವನಿಗೆ ಗೊತ್ತಾದದ್ದು. ಊರಿಗೂ ಆಗಲೇ ಗೊತ್ತಾಯಿತು.

ಕತ್ತಿನವರೆಗೆ ಅರಿಶಿನ ಮೆತ್ತಿಕೊಂಡ ಗಂಟೆಯ ನಾಲಿಗೆ ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತಿತ್ತು. ತಾನೊಂದು ನೋಡಿದ್ದೇನೆಂದು ಜಬಾಂಗುನ್ ಬೆಳಿಗ್ಗೆ ದಾರಿಯಲ್ಲಿ ಬಿಸ್ತೋಕನಿಗೆ ಕೂಗಿ ಹೇಳಿದ್ದು ಊರಿಗೆಲ್ಲ ಕೇಳಿಸಿತ್ತು.

ಮಂಗಾಸಾ ಹುಲ್ಮಾನನ ಮುಖ ನೋಡಿದ. ಹುಲ್ಮಾನ್ ಮಂಗಾಸಾನ ಮುಖ ನೋಡಿದ. ಇಬ್ಬರೂ ಒಟ್ಟಿಗೆ ಬಿಸ್ತೋಕನ ಕಡೆ ಒಂದು ಹೆಜ್ಜೆ ಮುಂದಿಟ್ಟರು. ಅವರ ಹಿಂದೆ ಮೇಲಿನ ಕೇರಿ, ಕೆಳಗಿನ ಕೇರಿ, ಎಡ ಬಲ ಎನ್ನದೆ ಒಂದೇ ಗುಂಪು. ಪಾಸ್ಟರ್ ದಾರ್ವಿನ್ ಮೂರು ತಿಂಗಳು ಬೋಧಿಸಿದರೂ ಆಗದಿದ್ದದ್ದು ಈಗ ಆಗಿತ್ತು. ಸಭೆ ಒಂದಾಗಿತ್ತು. ಒಬ್ಬರೂ ಒಂದು ಮಾತಿನ ವಾದ ಮಾಡಲಿಲ್ಲ.

ಬಿಸ್ತೋಕ್ ಹಿಂದೆ ತಿರುಗಿದ. ಸೊರ್ತಾ ಬಾಗಿಲಲ್ಲಿ ನಿಂತಿದ್ದಳು. ಗಂಟೆ ಹೊಡೆದಾಗ ತಾನೆಲ್ಲಿದ್ದೆನೆಂದು ಕಣ್ಣಾರೆ ಕಂಡವಳು, ಈ ಕಬ್ಬಿಣ ತನ್ನ ಕೈಗೆ ಹೇಗೆ ಬಂತೆಂದು ಬಲ್ಲವಳು ಅವಳೊಬ್ಬಳೇ. ಒಂದೇ ಒಂದು ಮಾತು ಕೇಳಿದರೆ ಸಾಕಿತ್ತು.

ಅಂಗಳದಲ್ಲಿ ಒಂದು ಹಂಡೆಯೂ ಇರಲಿಲ್ಲ.